ಅಂಗಡಿ ಕಂತಿನಲ್ಲಿ ಒಂದೂವರೆ ವರ್ಷ: ಮೆಷಿನ್ ಚೆಂದ, ಐದನೇ ತಾರೀಕು ಕಷ್ಟ

ವಾಷಿಂಗ್ ಮೆಷಿನ್ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಅದನ್ನು ಮನೆಗೆ ತಂದ ಕಂತಿನ ಬಗ್ಗೆ ನಾನು ಬರೆಯುತ್ತೇನೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ತಿಂಗಳ ಸಂಬಳ ಅಂತ ಯಾರಿಗೂ ಇಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನನ್ನ ತಕರಾರು ಪೂರಾ ಅಲ್ಲಿಂದಲೇ ಶುರು.

2024ರ ಜೂನ್ ಮೊದಲ ವಾರ ಕಾಸರಗೋಡು ಪೇಟೆಯ ಅಂಗಡಿಗೆ ಹೋದೆವು. ಆಧಾರ್, ಪ್ಯಾನ್, ಪಾಸ್‌ಬುಕ್, ಒಂದು ಒಟಿಪಿ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. 1,200 ರೂಪಾಯಿಯ ಹದಿನೆಂಟು ಕಂತು, ಪ್ರತಿ ತಿಂಗಳ ಐದಕ್ಕೆ ಬ್ಯಾಂಕ್ ಖಾತೆಯಿಂದ ಸಾಲ ಕೊಡುವ ಕಂಪೆನಿಗೆ ತಾನಾಗಿ ಹೋಗುತ್ತದೆ, ಬಡ್ಡಿ ಇಲ್ಲ ಎಂದರು. ಸಂಜೆ ಕತ್ತಲಾಗುವ ಮೊದಲು ಪಿಕಪ್‌ನಲ್ಲಿ ಮೆಷಿನ್ ಅಂಗಳಕ್ಕೆ ಬಂದಿತ್ತು.

ಆ ಮಳೆಗಾಲ ಎಷ್ಟು ಹಗುರವಾಯಿತು ಅಂತ ಹೇಳಿ ಮುಗಿಯದು. ಅಲ್ಲಿವರೆಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದೆವು. ಮೂರು ದಿನವಾದರೂ ಒಣಗದೆ ಹೊಗೆಯ ವಾಸನೆ. ಈಗ ಮೆಷಿನ್ ಹಿಂಡಿ ಕೊಟ್ಟ ಬಟ್ಟೆಯನ್ನು ಜಗಲಿಯಲ್ಲಿ ಹರಡಿದರೆ ಮಾರನೇ ಸಂಜೆಗೆ ಮಡಚಬಹುದು. ತೋಟಕ್ಕೆ ಮದ್ದು ಬಿಟ್ಟ ದಿನ ಇವರ ಅಂಗಿಯೆಲ್ಲ ಮೈಲುತುತ್ತಿನ ನೀಲಿ. ಅದನ್ನು ಮೊದಲು ಹೊರಗಿನ ಕಲ್ಲಿನ ಮೇಲೆ ಎರಡು ನೀರು ತೆಗೆದು, ಆಮೇಲೆ ಬೇರೆಯಾಗಿಯೇ ಮೆಷಿನ್ನಿಗೆ ಹಾಕುತ್ತೇನೆ. ಅತ್ತೆ ಕುರ್ಚಿ ಎಳೆದುಕೊಂಡು ಎದುರು ಕೂರುತ್ತಾರೆ. ಕೊನೆಗೆ ಅದು ಕುಂಯ್ ಅಂದ ಕೂಡಲೇ, "ಆಯ್ತು ನೋಡು" ಅಂತ ನನ್ನನ್ನು ಕರೆಯುವುದು ಅವರದೇ ಕೆಲಸ.

ಮೊದಲ ಕಂತುಗಳು ಗೊತ್ತಾಗದೆ ಹೋದವು. ಮುಂದೆಯೂ ಕಂತಿನಲ್ಲಿ ಸಾಮಾನು ಕೊಳ್ಳಲು ಅಂಗಡಿಯಲ್ಲೇ ಒಂದು ಕಾರ್ಡ್ ಕೂಡ ಕೊಟ್ಟಿದ್ದರು. ಅಕ್ಟೋಬರ್ ಕೊನೆಗೆ ಪ್ಲಸ್ ವನ್ (ಹನ್ನೊಂದನೇ ತರಗತಿ) ಓದುವ ಮಗನಿಗೆ ಮೊಬೈಲ್, ತಿಂಗಳಿಗೆ 1,200. ಫೆಬ್ರವರಿಯಲ್ಲಿ ಇನ್ವರ್ಟರ್, 1,500. ಕೂಡಿಸಿದರೆ 3,900. ಒಂದೊಂದನ್ನೇ ನೋಡಿದಾಗ ಜಾಸ್ತಿ ಅನಿಸಿರಲಿಲ್ಲ.

ಬಡ್ಡಿ ಇಲ್ಲ ಎಂಬ ಮಾತಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನನಗೆ ಬಿಲ್ಲು 21,600. ಅದೇ ಅಂಗಡಿಯಲ್ಲಿ ಅದೇ ಮೆಷಿನ್ ರೊಕ್ಕ ಕೊಟ್ಟು ತಂದ ಆಚೆ ಮನೆಯವರಿಗೆ 19,900. ನನಗೆ ಫೈಲ್ ಚಾರ್ಜ್ 599 ಬೇರೆ, ಕೇಳದೆ ಸೇರಿಸಿದ ಹೆಚ್ಚುವರಿ ವಾರಂಟಿ 1,499 ಬೇರೆ. ಕ್ರೆಡಿಟ್ ಕಾರ್ಡಿನ ಸೊನ್ನೆ ಬಡ್ಡಿ ಕಂತುಗಳಲ್ಲಿ ಬಡ್ಡಿಯೇ ಶುಲ್ಕದ ವೇಷದಲ್ಲಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ನನ್ನದು ಕ್ರೆಡಿಟ್ ಕಾರ್ಡ್ ಅಲ್ಲ, ಆದರೆ ವೇಷ ಅದೇ. ಅದನ್ನಾದರೂ ಸಹಿಸಬಹುದು, ಮಳೆಗಾಲದ ಸುಖಕ್ಕೆ ಕೊಟ್ಟ ದುಡ್ಡು.

ಸಹಿಸಲಾಗದ್ದು ಐದನೇ ತಾರೀಕು. ನಮ್ಮಲ್ಲಿ ದುಡ್ಡು ಬರುವುದು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿದು ಮಾರಿದಾಗ. ಹೋಗುವುದು ಜೂನ್, ಜುಲೈಯಲ್ಲಿ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಮದ್ದು, ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ಸುಣ್ಣ, ಮೈಲುತುತ್ತು, ಮರ ಹತ್ತುವವರ ಸಂಬಳ, ಎಲ್ಲ ಆಗಲೇ. 2025ರ ಜೂನ್ ಐದಕ್ಕೆ ಖಾತೆಯಲ್ಲಿ ಇದ್ದದ್ದು ಎಂಟುನೂರು ಚಿಲ್ಲರೆ.

ಮೂರು ಸಾಲಕ್ಕೆ ಮೂರು ಬೌನ್ಸ್. ಬ್ಯಾಂಕಿನದು ಒಂದಕ್ಕೆ 250, ಜಿಎಸ್‌ಟಿ ಸೇರಿ 295. ಕಂಪೆನಿಯದು ಒಂದಕ್ಕೆ 500. ಒಟ್ಟು 2,385. ಕಟ್ಟಬೇಕಾದದ್ದೇ 3,900! ಜುಲೈಯಲ್ಲಿ ಮತ್ತೆ ಅದೇ ಕಥೆ. ರಾತ್ರಿ ಏಳೂ ಮುಕ್ಕಾಲಿಗೆ ಫೋನ್, ಇವರ ಜೊತೆ ಒರಟು ಮಾತು. ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡಬಾರದು ಎಂದು 2022ರಿಂದ ರಿಸರ್ವ್ ಬ್ಯಾಂಕಿನ ಮಾತಿದೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಈ ಮಧ್ಯೆ ಊರಿನ ದಿನಸಿ ಅಂಗಡಿಯ ಕಾಕನಲ್ಲಿ ನಮ್ಮ ಸಾಲದ ಪಟ್ಟಿಯೂ ಏರಿತು. ಕೈಯಲ್ಲಿದ್ದ ದುಡ್ಡು ಕಂತಿಗೆ ಹೋದರೆ ಅಕ್ಕಿ, ಬೇಳೆ ಬರೆಸಲೇ ಬೇಕಲ್ವಾ. 6,870 ಆದಾಗ ನಾನು ಅಂಗಡಿ ಎದುರಿನ ದಾರಿ ಬಿಟ್ಟು ಗುಡ್ಡದ ಬದಿಯಿಂದ ಬರತೊಡಗಿದೆ. ಒಂದು ದಿನ ಬಸ್‌ಸ್ಟಾಪಿನಲ್ಲಿ ಅವರೇ ಸಿಕ್ಕಿದರು. "ಅಕ್ಕ, ಪುಸ್ತಕ ಎಲ್ಲಿಗೂ ಓಡುವುದಿಲ್ಲ. ಸಾಮಾನು ತೆಕ್ಕೊಂಡು ಹೋಗಿ. ಅಡಿಕೆ ಆದಾಗ ನೋಡುವ" ಎಂದರು. ಬಸ್ಸಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ.

ಅವರದು ಉದ್ದನೆಯ ಪುಸ್ತಕ, ನೂಲು ಕಟ್ಟಿದ ಪೆನ್ಸಿಲು. ನಮ್ಮ ಪುಟದ ಮೂಲೆಯಲ್ಲಿ ಅರಸಿನದ ಬೆರಳಚ್ಚು. ನನ್ನ ಚೀಲದಲ್ಲೂ ಒಂದು ಸಣ್ಣ ಪುಸ್ತಕ. ಅವರು ಮಲಯಾಳದಲ್ಲಿ ಬರೆಯುತ್ತಾರೆ, ನಾನು ಕನ್ನಡದಲ್ಲಿ. ತಿಂಗಳ ಕೊನೆಗೆ ಎರಡೂ ಪುಸ್ತಕ ಪಕ್ಕ ಇಟ್ಟು ಮೊತ್ತ ನೋಡುತ್ತೇವೆ. ಇವತ್ತಿನವರೆಗೆ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದಿಲ್ಲ.

ಆ ಪುಸ್ತಕ ನೋಡಿಯೇ ನನಗೆ ಕಂಪೆನಿಯ ಲೆಕ್ಕವನ್ನೂ ಹೀಗೆ ನೋಡಬೇಕು ಅನಿಸಿತು. ಆಗಸ್ಟಿನಲ್ಲಿ ಅವರ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಮಂಜೇಶ್ವರದವಳು. ತುಳುವಿನಲ್ಲಿ ಮಾತಾಡಿಸಿ, ಮೂರೂ ಸಾಲದ ಸ್ಟೇಟ್‌ಮೆಂಟ್ ತೆಗೆದು, ದಂಡ ಎಲ್ಲೆಲ್ಲಿ ಬಿದ್ದಿದೆ ಎಂದು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟಳು. ಅವಳಿಗೆ ನಾನು ಋಣಿ. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಕ್ಕೆಲ್ಲ ಒಂದು ಮುಖ್ಯ ವಿವರ ಪತ್ರ ಕೊಡಬೇಕು, ವರ್ಷಕ್ಕೆ ಒಟ್ಟು ಎಷ್ಟು ಶೇಕಡಾ ಬೀಳುತ್ತದೆ, ತಪ್ಪಿದರೆ ಎಷ್ಟು ದಂಡ ಎಂಬುದೆಲ್ಲ ಅದರಲ್ಲಿರಬೇಕು ಎಂದು ತಿಳಿದದ್ದು ಅಲ್ಲಿ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತಲೂ ನಿಯಮ. ಮೊಬೈಲ್ ಮತ್ತು ಇನ್ವರ್ಟರಿಗೆ ನನಗೆ ಬಂದಿದ್ದದ್ದು ಇಂಗ್ಲಿಷಿನಲ್ಲಿ. ಕೇಳಿದರೆ ಮಲಯಾಳದ್ದು ಕೊಡುತ್ತೇವೆ ಎಂದರು. ಮಲಯಾಳ ನಾನು ಚೆನ್ನಾಗಿ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಗಡಿಯ ಈಚೆಗಿನ ನಮ್ಮಂಥ ಎಷ್ಟೋ ಹೆಂಗಸರು ಹಾಗೆಯೇ. ಕನ್ನಡದ್ದು ಬೇಕು ಅಂತ ಬರೆದು ಕೊಟ್ಟು ಬಂದಿದ್ದೇನೆ. ಒಂದು ತಿಂಗಳ ದಂಡ 1,500 ಬಿಟ್ಟರು. ತಾರೀಕು ಮಾತ್ರ ಬದಲಿಸಲಾಗದು ಎಂದರು.

ತೀರಿಸಿದ್ದು ಹೀಗೆ. ನಮ್ಮ ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಗುಂಪಿನಿಂದ 15,000 ಸಾಲ ತೆಗೆದೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಎರಡು ತಿಂಗಳ ಬಾಕಿ 7,800, ಉಳಿದ ದಂಡ 1,500 ಕಟ್ಟಿದೆ. ಮೊಬೈಲಿನ ಉಳಿದ ಮೂರು ಕಂತು 3,600 ಸಹ ಕಟ್ಟಿ ಆ ಸಾಲ ಮುಚ್ಚಿದೆ. ಮಿಕ್ಕ 2,100 ಕಾಕನಿಗೆ. ಹೊಲಿಗೆಯ ದುಡ್ಡು ಬಂದ ದಿನವೇ ಕಂತಿನ ಪಾಲನ್ನು ಆ ಖಾತೆಗೆ ಹಾಕುತ್ತೇನೆ, ಐದರವರೆಗೆ ಕಾಯುವುದಿಲ್ಲ. ನಿಮಗೂ ಲೆಕ್ಕದಲ್ಲಿ ತಕರಾರು ಇದ್ದರೆ ಮೊದಲು ಕಂಪೆನಿಗೆ ಬರೆದು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೇಳಿ ತಿಳಿಯಲು 14448ಕ್ಕೆ ಫೋನ್ ಮಾಡಿ.

ತಿಂಗಳ ಒಂದಕ್ಕೆ ಸಂಬಳ ಬರುವವರಿಗೆ ಈ ಕಂತು ಆಗಬಹುದು. ತೋಟದವರು ಒಂದೇ ಸಾಮಾನಿಗೆ ನಿಲ್ಲಿಸಿ, ಅದೂ ಮಳೆಗಾಲದ ಮೊದಲು ಮುಗಿಯುವ ಹಾಗೆ. ಮೆಷಿನ್ನಿಗೆ ಐದು ನಕ್ಷತ್ರ, ಕಂತಿಗೆ ಎರಡು. ಅದರಲ್ಲಿ ಒಂದು ಮಂಜೇಶ್ವರದ ಆ ಹುಡುಗಿಯದು.

ಈಗ ಇನ್ವರ್ಟರಿನ ಒಂದೇ ಕಂತು ಬಾಕಿ, ಫೆಬ್ರವರಿ ಐದಕ್ಕೆ. ಅದು ಮುಗಿದ ವಾರವೇ ಬಾಕಿ ಇಲ್ಲ ಎಂಬ ಕಾಗದ ತರಲು ಕಾಸರಗೋಡಿಗೆ ಹೋಗುತ್ತೇನೆ. ಅದನ್ನೂ ಕನ್ನಡದಲ್ಲೇ ಕೇಳುತ್ತೇನೆ.