ದಿಶಾಂಕ್ ಆ್ಯಪ್: ಹೊಲ ಯಾರದು ಅಂತ ಹೇಳುತ್ತದೆ, ಹೊಲದ ಕೆಳಗಿನ ಕಲ್ಲು ಯಾರದು ಅಂತ ಹೇಳುವುದಿಲ್ಲ

ಕರ್ನಾಟಕದಲ್ಲಿ ಜಮೀನಿನ ವ್ಯವಹಾರಕ್ಕೆ ಕೈ ಹಾಕುವ ಯಾರೇ ಆಗಲಿ, ಮೊದಲು ಫೋನಿಗೆ ಹಾಕಿಕೊಳ್ಳಬೇಕಾದ ಆ್ಯಪ್ ದಿಶಾಂಕ್. ನಾನು ಇದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮದು ಇಳಕಲ್ ಸೀಮೆಯ ಒಣಬೇಸಾಯದ ಮನೆತನ. ಹೊಲದ ಮಾತು ಬಂದರೆ ಅಣ್ಣತಮ್ಮಂದಿರು, ಬೀಗರು ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ಹಾಗಾಗಿ ನಮ್ಮ ಹೊಲಕ್ಕಿಂತ ಬೇರೆಯವರ ಹೊಲವನ್ನೇ ಇದರಲ್ಲಿ ಜಾಸ್ತಿ ನೋಡಿದ್ದೇನೆ.

ಕೆಲಸ ಸರಳ. ಹೊಲದಲ್ಲಿ ನಿಂತು ಆ್ಯಪ್ ತೆರೆದರೆ ಉಪಗ್ರಹ ಚಿತ್ರದ ಮೇಲೆ ಹಳೆಯ ಗ್ರಾಮ ನಕ್ಷೆಯ ಗೆರೆಗಳು ಬರುತ್ತವೆ. ನಿಂತ ಜಾಗ ಒತ್ತಿದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಸಿಗುತ್ತವೆ. ಇನ್ನೂ ಮುಂದೆ ಹೋದರೆ ಸರ್‌ನಾಕ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗಗಳ ಗುರುತು) ಕೇಳುತ್ತದೆ. ಸರ್‌ನಾಕ್ ಜಾಗದಲ್ಲಿ ಬರೀ ಒಂದು ನಕ್ಷತ್ರ ಚಿಹ್ನೆ ಕಂಡರೆ ಗಾಬರಿ ಬೇಡ, ಅದನ್ನೇ ಆರಿಸಿ. ಹಿಸ್ಸಾ ಒತ್ತಿದ ಮೇಲೆ ಭೂಮಿ ದಾಖಲೆಯಿಂದ ಮಾಲೀಕರ ಹೆಸರು, ವಿಸ್ತೀರ್ಣ ಬರುತ್ತವೆ. ಮೊದಲೆಲ್ಲ ಇಷ್ಟು ತಿಳಿಯಲು ಗ್ರಾಮ ಲೆಕ್ಕಿಗರು ಊರಿಗೆ ಬರುವ ದಿನ ಕಾಯಬೇಕಿತ್ತು. ಭೂಮಾಪನ ಇಲಾಖೆ ಮತ್ತು ರಾಜ್ಯ ದೂರ ಸಂವೇದಿ ಕೇಂದ್ರ ಸೇರಿ ಮಾಡಿದ ಈ ಕೆಲಸಕ್ಕೆ ನಾನು ಮನಸ್ಸಿನಿಂದ ಋಣಿ.

ನನಗೆ ಇದರಲ್ಲಿ ಎಲ್ಲಕ್ಕಿಂತ ಉಪಯೋಗ ಆಗಿದ್ದು ಹಳ್ಳ ಮತ್ತು ದಾರಿ. ಮಾರುವವರು ಹೊಲವನ್ನು ಬೇಸಿಗೆಯಲ್ಲೇ ತೋರಿಸುತ್ತಾರೆ. ಆಗ ಹಳ್ಳ ಒಣಗಿರುತ್ತದೆ, ಮೇಲೆ ಸಜ್ಜೆ ಬಿತ್ತಿ ಕೊಯ್ದ ಗುರುತೂ ಇರುತ್ತದೆ. ನಕ್ಷೆಯಲ್ಲಿ ಮಾತ್ರ ಹಳ್ಳ ಹಳ್ಳವಾಗಿಯೇ ಇರುತ್ತದೆ. ಬಂಡಿ ದಾರಿಯೂ ಹಾಗೇ. ನಕ್ಷೆಯಲ್ಲಿ ದಾರಿ ಇಲ್ಲದ ಹೊಲ ಕೊಂಡರೆ ಪಕ್ಕದವರ ಮರ್ಜಿಯಲ್ಲಿ ಬದುಕಬೇಕಾಗುತ್ತದೆ. ಊರಿನ ಪೂರ್ತಿ ನಕ್ಷೆ ಬೇಕಿದ್ದರೆ ಭೂದಾಖಲೆಗಳ ಸರ್ಕಾರಿ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಇಳಿಸಿಕೊಂಡು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಫೋನಿನಲ್ಲಿ ಕಾಣದ ಬಾಂದು ಕಲ್ಲಿನ (ಗಡಿ ಕಲ್ಲಿನ) ಗುರುತುಗಳೂ ಅದರಲ್ಲಿ ಕಾಣುತ್ತವೆ.

ಈಗ ಇದರ ಮಿತಿ. ಫೋನಿನ ಗೆರೆ ಗಡಿಯಲ್ಲ. ಸರಪಳಿ ಹಿಡಿದು ಅಳೆದು ಕಾಗದದ ಮೇಲೆ ಬರೆದ ನಕ್ಷೆಯನ್ನು ಇಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದಾರೆ. ಗೆರೆ ಕೆಲವು ಮೀಟರ್ ಆಚೀಚೆ ಆಗುವುದು ಸಹಜ, ಫೋನಿನ ಜಿಪಿಎಸ್ ಕೂಡ ಅಷ್ಟೇ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಉದ್ದನೆಯ ಒಡ್ಡಿನ ಗುಂಟ ಗೆರೆ ಸ್ವಲ್ಪ ಸರಿದರೂ ಗುಂಟೆಗಟ್ಟಲೆ ಲೆಕ್ಕ ತಪ್ಪುತ್ತದೆ. ಇದನ್ನು ತೋರಿಸಿ ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಗಡಿ ಬೇಕಾದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿ ಕೊಡುವ ಸರ್ಕಾರಿ ಅಳತೆಗೆ, ಅರ್ಜಿ ಹಾಕಿ. ಸರ್ವೆಯರ್ ಬಂದು ಹಳೆಯ ಅಳತೆಯ ಟಿಪ್ಪಣಿ ನೋಡಿ ಅಳೆದು ಕೊಡುತ್ತಾರೆ.

ಇನ್ನೊಂದು, ಇದು ತೋರಿಸುವುದು ಸರ್ವೆ ನಂಬರಿನ ಹೊರಗಡಿ. ಒಳಗೆ ಅಣ್ಣತಮ್ಮಂದಿರು ವಾಟ್ನಿ (ಪಾಲು) ಮಾಡಿಕೊಂಡು ಯಾರು ಯಾವ ಕಡೆ ಉಳುತ್ತಿದ್ದಾರೆ ಅನ್ನುವುದು ಕಾಣುವುದಿಲ್ಲ. ಪೋಡಿ, ಅಂದರೆ ಭಾಗಗಳನ್ನು ಅಳೆದು ಬೇರೆ ಮಾಡುವ ಕೆಲಸ, ಆಗಿರದಿದ್ದರೆ ಒಂದೇ ಉತಾರದಲ್ಲಿ (ಪಹಣಿಯಲ್ಲಿ) ಅಜ್ಜನ ಕಾಲದ ಹೆಸರುಗಳೆಲ್ಲ ಸಾಲಾಗಿ ಇರುತ್ತವೆ. ಅದರಲ್ಲಿ ಒಬ್ಬರ ಭಾಗ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಇಲ್ಲದೆ ಮುಂದುವರಿಯಬೇಡಿ.

ಆ್ಯಪ್‌ನಲ್ಲಿ ಹೆಸರು ನೋಡಿದ ಮೇಲೆ ಉತಾರ ತೆಗೆಸಿ ಓದಲೇಬೇಕು. ಹೆಚ್ಚಿನವರು 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿ ಇಡುತ್ತಾರೆ. ನಿಜವಾದ ಕಥೆ ಇರುವುದು 10 ಮತ್ತು 11ರಲ್ಲಿ. ಈ ಹೊಲ ಇವರಿಗೆ ಹೇಗೆ ಬಂತು, ಕ್ರಯವೋ ಪೌತಿಯೋ (ತೀರಿಕೊಂಡವರಿಂದ ವಾರಸಾಗಿ ಬಂದದ್ದೋ) ದಾನವೋ ಅನ್ನುವುದು 10ರಲ್ಲಿ. ಸಾಲ, ಇತರೆ ಹಕ್ಕು 11ರಲ್ಲಿ. 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಲೆಕ್ಕವಿಲ್ಲದ ಜಾಗ) ಎಷ್ಟು ಅಂತ ನೋಡಿ. ‘ಬ’ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದಕ್ಕೆ ದುಡ್ಡು ಕೊಟ್ಟರೆ ಕೈಗೆ ಬರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿಯನ್ನೂ (ಋಣಭಾರ ಪತ್ರವನ್ನೂ) ತೆಗೆದು ಪಕ್ಕದಲ್ಲಿಟ್ಟು ತಾಳೆ ನೋಡಿ. ತೀರಾ ಹಳೆಯ ವಹಿವಾಟಿಗೆ ಮಾತ್ರ ನೋಂದಣಿ ಕಚೇರಿಗೇ ಹೋಗಬೇಕು.

ಇನ್ನು ಕಲ್ಲಿನ ವಿಷಯ. ನಮ್ಮ ಕಡೆ ಇದನ್ನು ಬಿಟ್ಟು ಹೊಲದ ಮಾತೇ ಆಗುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ದಾಟಿ ಹೋಗುತ್ತದೆ. ನಮ್ಮ ಸಂಬಂಧಿಕರ ಹೊಲಕ್ಕೆ ಒಬ್ಬರು ಮಧ್ಯವರ್ತಿ ಬಂದು, "ನಿಮ್ಮ ಹೊಲ, ನಿಮ್ಮ ಕಲ್ಲು. ಇಲ್ಲೊಂದು ಸಹಿ ಹಾಕಿಬಿಡ್ರಿ ಕಾಕಾ, ಕೋರ್ಟೇ ಹೇಳೇತಿ" ಅಂದಿದ್ದರು. ಸುಪ್ರೀಂ ಕೋರ್ಟಿನ 2013ರ ತೀರ್ಪೊಂದು ವಾಟ್ಸ್ಆ್ಯಪ್‌ನಲ್ಲಿ ಹೀಗೇ ಓಡಾಡುತ್ತದೆ. ಆ ತೀರ್ಪು ಕೇರಳದ ಮಲಬಾರಿನ ಜನ್ಮಿ ಭೂಮಿಯದು, ಅಂದರೆ ಅಲ್ಲಿನ ಪರಂಪರಾಗತ ಪೂರ್ಣ ಒಡೆತನದ ಭೂಮಿಯದು. ಕಾನೂನು ಮೂಲಕ ಕಸಿದುಕೊಂಡಿರದಿದ್ದರೆ ನೆಲದ ಕೆಳಗಿನದೂ ನೆಲದ ಒಡೆಯನದೇ ಅಂತ ಅದು ಹೇಳುತ್ತದೆ. ನಮ್ಮಲ್ಲಿ ಕಾನೂನು ಇದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 70ನೇ ಕಲಂ ಪ್ರಕಾರ, ಮಂಜೂರಾತಿಯ ಷರತ್ತಿನಲ್ಲೇ ಬೇರೆ ರೀತಿ ಬರೆದಿರದಿದ್ದರೆ, ಗಣಿ ಮತ್ತು ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಉತಾರದಲ್ಲಿ ನಿಮ್ಮ ಹೆಸರಿದ್ದರೂ ಇದು ಬದಲಾಗುವುದಿಲ್ಲ.

ಹಾಗಂತ ಹೊಲದವರ ಮಾತಿಗೆ ಬೆಲೆ ಇಲ್ಲ ಅಂತಲ್ಲ. ಪಟ್ಟಾ (ಖಾಸಗಿ ಒಡೆತನದ) ಜಮೀನಿನಲ್ಲಿ ಬೇರೆಯವರು ಕ್ವಾರಿ ಮಾಡಬೇಕೆಂದರೆ ಮಾಲೀಕರ ಒಪ್ಪಿಗೆ ಬೇಕು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯೂ ಬೇಕು, ರಾಯಲ್ಟಿ ಸರ್ಕಾರಕ್ಕೆ ಹೋಗುತ್ತದೆ. ಮಧ್ಯವರ್ತಿ ಕೇಳುತ್ತಿದ್ದದ್ದು ಆ ಒಪ್ಪಿಗೆಯನ್ನೇ. ಅದರ ಬೆಲೆ ತಿಳಿಯದವರು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅವಧಿ ಎಷ್ಟು, ಗುಂಡಿ ಮುಚ್ಚುವವರು ಯಾರು, ಲಾರಿ ಯಾವ ದಾರಿಯಲ್ಲಿ ಓಡಾಡುತ್ತದೆ, ಇವೆಲ್ಲ ಬರವಣಿಗೆಯಲ್ಲಿ ಬರಬೇಕು. ವಕೀಲರಿಗೆ ತೋರಿಸದೆ ಪೆನ್ನು ಮುಟ್ಟಬೇಡಿ.

ಹೊಲದ ಕೆಳಗೆ ಯಾವ ಜಾತಿಯ ಬಂಡೆ ಇದೆ ಅನ್ನುವ ಕುತೂಹಲ ಇದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣ ನೋಡಿ, ಭೂವಿಜ್ಞಾನದ ನಕ್ಷೆ ಪುಕ್ಕಟೆ ಸಿಗುತ್ತದೆ. ದಿಶಾಂಕ್‌ನಲ್ಲಿ ಸಿಕ್ಕ ಜಾಗವನ್ನು ಅದರಲ್ಲಿ ಹುಡುಕಿದರೆ ಸ್ಥೂಲವಾಗಿ ಗೊತ್ತಾಗುತ್ತದೆ. ಒಂದು ಹೊಲದ ಮಟ್ಟಿಗೆ ಅಷ್ಟು ಸೂಕ್ಷ್ಮ ನಕ್ಷೆ ಅದಲ್ಲ.

ದಿಶಾಂಕ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ಹಿಸ್ಸಾ ಗಡಿಗಳೂ ಬಂದ ದಿನ ಐದನೆಯದನ್ನೂ ಕೊಡುತ್ತೇನೆ.