ಮೋಡೆಮ್‌ಗೆ ನಮ್ಮದೇ ರೂಟರ್: ಮೂರು ರೀತಿ ಜೋಡಿಸಿ ನೋಡಿದೆ

ಹನುಮಂತನಗರದ ನಮ್ಮ ಮನೆಯಲ್ಲಿ ನೆಟ್ ಕಂಪನಿಯವರ ಮೋಡೆಮ್ ಇರುವುದು ಕೆಳಗೆ, ಹಾಲ್‌ನ ಬಾಗಿಲ ಪಕ್ಕ. ಕಂಬದಿಂದ ಇಳಿದ ಫೈಬರ್ ಕಿಟಕಿ ಮೂಲೆಯಿಂದ ಅಲ್ಲಿಗೇ ಬಂದು ನಿಂತಿದೆ. ನಾನು ಕೆಲಸ ಮಾಡುವುದು ಮಹಡಿಯ ಹಿಂದಿನ ರೂಮಿನಲ್ಲಿ. ನಡುವೆ ಒಂದು ಆರ್‌ಸಿಸಿ, ಎರಡು ಗೋಡೆ. 150 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತಿದ್ದೆ, ಮೇಲೆ ಸಿಗುತ್ತಿದ್ದದ್ದು 12. ಮೀಟಿಂಗ್ ಮಧ್ಯೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು.

ಮೊದಲು ರಿಪೀಟರ್ ತಂದೆ, ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ. ಅದು ಮೋಡೆಮ್ ಜೊತೆ ಮಾತಾಡುವುದೂ ಗಾಳಿಯಲ್ಲೇ, ನನ್ನ ಲ್ಯಾಪ್‌ಟಾಪ್ ಜೊತೆ ಮಾತಾಡುವುದೂ ಗಾಳಿಯಲ್ಲೇ. ಇದ್ದಬದ್ದ ಸ್ಪೀಡೂ ಅರ್ಧ ಆಯಿತು. ಅದರ ಕಥೆ ಅಷ್ಟೇ.

ಅಟ್ಟದ ಮೇಲೆ ಹಳೇ ರೂಟರ್ ಒಂದಿತ್ತು. ಎಸ್.ಪಿ. ರಸ್ತೆಗೆ ಹೋಗಿ 20 ಮೀಟರ್ ಕ್ಯಾಟ್ 6 ಕೇಬಲ್ ತಂದೆ. ಮೆಟ್ಟಿಲ ಪಕ್ಕ ಎಳೆದು, ಎರಡೂ ತುದಿಗೆ ನಾನೇ ಪ್ಲಗ್ ಕೂರಿಸಿ ಕ್ರಿಂಪ್ ಮಾಡಿದೆ. ಜಂಬ ಬೇರೆ. ಸ್ಪೀಡ್ ನೋಡಿದರೆ 94. ಎಷ್ಟು ಸಲ ನೋಡಿದರೂ 94, ಅದರ ಮೇಲೆ ಹೋಗಲೇ ಇಲ್ಲ. ಆ ಸಂಖ್ಯೆಯಲ್ಲೇ ಉತ್ತರ ಇತ್ತು. ಕೇಬಲ್ ಒಳಗೆ ಎಂಟು ಎಳೆ. ಗಿಗಾಬಿಟ್ (1000 ಎಂಬಿಪಿಎಸ್) ಓಡಬೇಕಾದರೆ ಎಂಟೂ ಬೇಕು. 100ಕ್ಕೆ ಕಿತ್ತಳೆ ಜೋಡಿ, ಹಸಿರು ಜೋಡಿ ಸಾಕು, ಅದರಲ್ಲಿ ಕೈಗೆ ಸಿಗುವುದು 94ರ ಹತ್ತಿರ. ನನ್ನ ಕ್ರಿಂಪಿನಲ್ಲಿ ಕಂದು ಎಳೆ ಪಿನ್‌ವರೆಗೆ ತಲುಪೇ ಇರಲಿಲ್ಲ. ತುದಿ ಕತ್ತರಿಸಿ ಮತ್ತೆ ಹಾಕಿದೆ, 146 ಬಂತು. ನಿಮಗೂ 94ರ ಹತ್ತಿರ ನಿಂತುಬಿಟ್ಟರೆ ಕಂಪನಿಗೆ ಬೈಯುವ ಮೊದಲು ಕೇಬಲ್ ನೋಡಿ. ಕೇಬಲ್ ಸರಿಯಿದ್ದರೂ ಹಳೇ ರೂಟರ್‌ನ ಪೋರ್ಟೇ 100ರದ್ದಾಗಿರಬಹುದು.

ಈಗ ಜೋಡಿಸುವ ವಿಷಯ. ನಾವು ಮೋಡೆಮ್ ಅನ್ನುವ ಆ ಬಿಳಿ ಡಬ್ಬಿ ಬರೀ ಮೋಡೆಮ್ ಅಲ್ಲ. ಫೈಬರ್‌ನಲ್ಲಿ ಬರುವ ಬೆಳಕನ್ನು ಕರೆಂಟಾಗಿ ಬದಲಿಸುವುದು, ಕಂಪನಿಗೆ ಲಾಗಿನ್ ಆಗುವುದು, ಮನೆಯ ಫೋನು ಟಿವಿಗಳಿಗೆ ಐಪಿ (ನೆಟ್‌ವರ್ಕಿನ ವಿಳಾಸ) ಹಂಚುವುದು, ವೈಫೈ ಕೊಡುವುದು, ಎಲ್ಲಾ ಅದೇ. ಅದರ ಪಕ್ಕ ಇನ್ನೊಂದು ರೂಟರ್ ಇಟ್ಟರೆ ಒಂದು ಮನೆಗೆ ಇಬ್ಬರು ಯಜಮಾನರು. ಐಪಿ ಹಂಚುವವರು ಯಾರು ಅನ್ನುವುದೇ ಜಗಳ.

ಮೊದಲನೇ ರೀತಿ ಸೋಮಾರಿಗಳದ್ದು. ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ (ಮನೆಯೊಳಗಿನ ಸಾಮಾನು ಜೋಡಿಸುವ ತೂತು) ಬಂದ ವೈರನ್ನು ರೂಟರ್‌ನ ನೀಲಿ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬರುವ ತೂತು) ಚುಚ್ಚುವುದು. ನನ್ನ ಎರಡೂ ಡಬ್ಬಿಗಳ ವಿಳಾಸ 192.168.1.1 ಇತ್ತು, ಹಾಗಾಗಿ ನೆಟ್ ಬರಲಿಲ್ಲ. ರೂಟರ್‌ನದ್ದನ್ನು 192.168.10.1 ಮಾಡಿದ ತಕ್ಷಣ ಬಂತು. ಐದು ನಿಮಿಷದ ಕೆಲಸ. ಸುಮ್ನೆ ಬ್ರೌಸಿಂಗ್, ಮೀಟಿಂಗ್, ಸಿನಿಮಾಗೆ ಏನೂ ತೊಂದರೆ ಇಲ್ಲ. ಆದರೆ ಇದರಲ್ಲಿ ಮನೆಯ ನೆಟ್‌ವರ್ಕ್ ಎರಡು ಭಾಗ ಆಗುತ್ತದೆ. ಮೇಲಿನ ವೈಫೈನಲ್ಲಿರುವ ಫೋನಿಗೆ ಕೆಳಗಿನ ಟಿವಿ ಕಾಣುವುದಿಲ್ಲ. ಫೋಟೋ ತೋರಿಸೋಣ ಅಂತ ಕಾಸ್ಟ್ ಒತ್ತಿದರೆ ಡಿವೈಸ್ ಇಲ್ಲ ಅನ್ನುತ್ತದೆ. ಪ್ರಿಂಟರ್‌ಗೂ ಅದೇ ಗತಿ. ಮಗನ ಆನ್‌ಲೈನ್ ಆಟವೂ ನ್ಯಾಟ್ (ಮನೆಯೊಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಸರಿಯಿಲ್ಲ ಅಂತ ಗೊಣಗುತ್ತಿತ್ತು, ಯಾಕೆಂದರೆ ವಿಳಾಸ ಎರಡು ಸಲ ಬದಲಾಗುತ್ತದೆ. ಬಾಡಿಗೆ ಮನೆಯಲ್ಲಿ ಓನರ್ ಮೋಡೆಮ್‌ನಿಂದ ವೈರ್ ಎಳೆದುಕೊಂಡವರಿಗೆ ಮಾತ್ರ ಈ ರೀತಿಯೇ ವಾಸಿ. ನಿಮ್ಮ ಸಾಮಾನು ಅವರ ಫೋನಿನಲ್ಲಿ ಹಾಗೆಲ್ಲ ಕಾಣಬಾರದು, ಅಲ್ವಾ?

ಎರಡನೇದು ಬ್ರಿಡ್ಜ್ ಮೋಡ್. ಇದನ್ನು ಹೇಳಿದ್ದು ನನ್ನ ಭಾಮೈದ. "ಬ್ರಿಡ್ಜ್ ಹಾಕಿಸಿ ಭಾವ, ಅದೇ ಸರಿಯಾದ ದಾರಿ" ಅಂದ. ಪುಸ್ತಕದ ಪ್ರಕಾರ ಅವನು ಹೇಳಿದ್ದು ಸರಿ. ಮೋಡೆಮ್ ಬರೀ ಬೆಳಕು ಬದಲಿಸುವ ಕೆಲಸ ಮಾಡುತ್ತದೆ. ಪಿಪಿಪಿಒಇ, ಅಂದರೆ ಕಂಪನಿಗೆ ಲಾಗಿನ್ ಆಗುವ ಕೆಲಸ, ನಮ್ಮ ರೂಟರ್‌ನಲ್ಲಿ. ಯಜಮಾನ ಒಬ್ಬನೇ. ಆದರೆ ಆ ಯೂಸರ್ ಐಡಿ, ಪಾಸ್‌ವರ್ಡ್, ವೀಲ್ಯಾನ್ ನಂಬರ್ (ಒಂದೇ ಫೈಬರ್‌ನಲ್ಲಿ ನೆಟ್, ಫೋನ್ ಬೇರೆ ಬೇರೆ ಹೋಗುವ ದಾರಿಯ ಗುರುತು) ಕಂಪನಿಯವರ ಕೈಯಲ್ಲಿರುತ್ತವೆ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂದರು. ಕೊನೆಗೆ ನಮ್ಮ ಏರಿಯಾದ ಲೈನ್ ಹುಡುಗ ಬಂದು, ಟೀ ಕುಡಿಯುವಷ್ಟರಲ್ಲಿ ಮಾಡಿಕೊಟ್ಟ. ಎಂಟಿಯು (ಒಂದು ಪ್ಯಾಕೆಟ್, ಅಂದರೆ ಡೇಟಾ ತುಂಡು, ಎಷ್ಟು ಬೈಟ್ ದೊಡ್ಡದಿರಬಹುದು ಅನ್ನುವ ಮಿತಿ) 1492 ಇಡಿ, 1500 ಬೇಡ ಅಂತ ಅವನೇ ಹೇಳಿದ್ದು. ಪಿಪಿಪಿಒಇ ಪ್ರತಿ ಪ್ಯಾಕೆಟ್‌ನಲ್ಲೂ 8 ಬೈಟ್ ತಿನ್ನುತ್ತದೆ.

ಬ್ರಿಡ್ಜ್‌ನಿಂದ ನನಗೆ ಬೇಕಿದ್ದದ್ದು ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವುದು. ರೂಟರ್‌ಗೆ ಸಿಕ್ಕ ಐಪಿ ನೋಡಿದೆ, 100.72 ಅಂತ ಶುರುವಾಗಿತ್ತು. 100.64ರಿಂದ 100.127ವರೆಗಿನ ಐಪಿಗಳನ್ನು ಇಟ್ಟಿರುವುದೇ ಕಂಪನಿಗಳು ಒಳಗೊಳಗೆ ಹಂಚಿಕೊಳ್ಳುವುದಕ್ಕೆ. ಅಂದರೆ ನಾನು ಮನೆಯಲ್ಲಿ ಡಬಲ್ ನ್ಯಾಟ್ ತೆಗೆದರೂ ಕಂಪನಿಯಲ್ಲೇ ಇನ್ನೊಂದು ನ್ಯಾಟ್ ಕೂತಿದೆ! ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಗೆ ದಾಟಿಸುವ ಸೆಟ್ಟಿಂಗ್) ಮಾಡಿ ಪ್ರಯೋಜನ ಇಲ್ಲ, ಸ್ಟ್ಯಾಟಿಕ್ ಐಪಿಗೆ (ನಮಗೇ ಅಂತ ಕೊಡುವ, ಬದಲಾಗದ ವಿಳಾಸ) ಬೇರೆ ದುಡ್ಡು. ನಿಮ್ಮ ವ್ಯಾನ್ ಐಪಿ 100.64–100.127 ಒಳಗೆ ಬಿದ್ದರೆ, ಬ್ರಿಡ್ಜ್‌ಗಾಗಿ ಯಾರ ಕಾಲೂ ಹಿಡಿಯಬೇಡಿ.

ಇನ್ನೊಂದು ನಾನು ಯೋಚಿಸಿಯೇ ಇರಲಿಲ್ಲ. ಬ್ರಿಡ್ಜ್ ಆದ ಮೇಲೆ ಮೋಡೆಮ್‌ನ ವೈಫೈ ನಿಂತುಹೋಯಿತು. ರೂಟರ್ ಇರುವುದು ಮೇಲೆ. ಸಂಜೆ ಏಳಕ್ಕೆ ಕೆಳಗಿನಿಂದ ಅಮ್ಮನ ದನಿ: "ಏನೋ ಮಾಡಿದೆ ಮತ್ತೆ? ಸೀರಿಯಲ್ ಬರ್ತಾ ಇಲ್ಲ." ಲ್ಯಾಂಡ್‌ಲೈನ್ ಮಾತ್ರ ನಡೆಯುತ್ತಿತ್ತು, ನಮ್ಮಲ್ಲಿ ಅದರ ವೀಲ್ಯಾನ್ ಬೇರೆ. ಮೂರು ವಾರದ ನಂತರ ಒಂದು ಬೆಳಿಗ್ಗೆ ಕಂಪನಿಯವರು ದೂರದಿಂದಲೇ ಏನೋ ಅಪ್‌ಡೇಟ್ ಕಳಿಸಿ ಮೋಡೆಮ್ ಮತ್ತೆ ಹಳೇ ಅವತಾರಕ್ಕೆ ಬಂತು. ನಾನು ಲೈನ್ ಹುಡುಗನನ್ನು ಮತ್ತೆ ಕರೆಯಲಿಲ್ಲ. ಒಂದೇ ಫ್ಲೋರಿನ ಫ್ಲಾಟು, ಸ್ಟ್ಯಾಟಿಕ್ ಐಪಿ, ಒಳ್ಳೇ ರೂಟರ್ ಇದ್ದವರು ಧಾರಾಳವಾಗಿ ಬ್ರಿಡ್ಜ್ ಮಾಡಿಸಿ.

ಈಗ ಇರುವುದು ಮೂರನೇ ರೀತಿ, ಆಕ್ಸೆಸ್ ಪಾಯಿಂಟ್. ಯಜಮಾನಿಕೆ ಮೋಡೆಮ್‌ಗೇ ಬಿಟ್ಟು ರೂಟರನ್ನು ಬರೀ ವೈಫೈ ಕೊಡುವ ಆಳು ಮಾಡುವುದು. ಹೊಸ ರೂಟರ್‌ಗಳಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇರುತ್ತದೆ, ಒತ್ತಿದರೆ ಮುಗಿಯಿತು. ನನ್ನ ಹಳೇದರಲ್ಲಿ ಇರಲಿಲ್ಲ, ಕೈಯಲ್ಲೇ ಮಾಡಬೇಕಾಯಿತು. ಮೋಡೆಮ್ ವೈರ್ ಚುಚ್ಚುವ ಮೊದಲೇ ಲ್ಯಾಪ್‌ಟಾಪ್‌ನಿಂದ ರೂಟರ್ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಬೇಕು. ಆಮೇಲೆ ವೈರನ್ನು ನೀಲಿ ಪೋರ್ಟಿಗಲ್ಲ, ಹಳದಿ ಲ್ಯಾನ್ ಪೋರ್ಟಿಗೆ ಹಾಕಬೇಕು. ನಾನು ಡಿಎಚ್‌ಸಿಪಿ ಆಫ್ ಮಾಡುವುದು ಮರೆತೆ. ಆ ರಾತ್ರಿ ನನ್ನ ಫೋನಿಗೆ ನೆಟ್ ಇದೆ, ಹೆಂಡತಿ ಫೋನಿಗೆ ಇಲ್ಲ. ಸ್ವಲ್ಪ ಹೊತ್ತಿಗೆ ಅವಳಿಗಿದೆ, ನನಗಿಲ್ಲ. ಯಾವ ಡಬ್ಬಿ ಮೊದಲು ಉತ್ತರ ಕೊಟ್ಟಿತೋ ಅದರ ಮಾತು ನಡೆಯುತ್ತಿತ್ತು. ರೂಟರ್ ತಾನೇ ಹೊರಗಿನ ಬಾಗಿಲು ಅಂತ ಹೇಳಿಕೊಂಡಿತ್ತು, ಅದಕ್ಕೆ ಹೊರಗೆ ದಾರಿಯೇ ಇರಲಿಲ್ಲ.

ಸರಿ ಮಾಡಿದ ನಂತರ ಮಹಡಿಯಲ್ಲಿ 140 ದಾಟುತ್ತದೆ, ಕಾಸ್ಟ್, ಪ್ರಿಂಟರ್ ಎಲ್ಲಾ ನಡೆಯುತ್ತದೆ. ಎರಡೂ ಡಬ್ಬಿಗಳ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 11, ಒಂದಕ್ಕೊಂದು ಅಡ್ಡ ಬರಬಾರದು ಅಂತ. ಒಂದು ಕಿರಿಕಿರಿ ಉಳಿದಿದೆ. ಮೆಟ್ಟಿಲು ಹತ್ತಿ ಬಂದರೂ ಫೋನ್ ಕೆಳಗಿನ ಸಿಗ್ನಲ್ಲನ್ನೇ ಹಿಡಿದುಕೊಂಡಿರುತ್ತದೆ, ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಬೇಕು. ಕರೆಂಟ್ ಹೋದಾಗ ಎರಡು ಡಬ್ಬಿಗೂ ಬೇರೆ ಬೇರೆ ಪುಟ್ಟ ಯುಪಿಎಸ್ ಬೇಕು, ಅದೊಂದು ಖರ್ಚು.

ಆಯುಧಪೂಜೆ ದಿನ ಅಮ್ಮ ರೂಟರ್ ಒರೆಸಿ, ಕುಂಕುಮ ಇಟ್ಟು, ವೈರನ್ನು ವಾಪಸ್ ಚುಚ್ಚಿದ್ದರು. ನೀಲಿ ಪೋರ್ಟಿಗೆ. ಮೇಲೆ ಎಲ್ಲರ ಫೋನೂ ಐಪಿ ಹುಡುಕುತ್ತಾ ಕೂತವು. ಈಗ ನೀಲಿ ಪೋರ್ಟಿನ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಕುಂಕುಮ ಹಾಗೇ ಇದೆ.