‘ಥ್ರೀ’, ‘ಲೆಫ್ಟ್ ಬಿಹೈಂಡ್’, ಪೆರೆಟ್ಟಿ: ಯಾವುದರಿಂದ ಶುರು?

ಕ್ರೈಸ್ತ ಸಸ್ಪೆನ್ಸ್ ಕಾದಂಬರಿ ಓದಲು ಬಿಡುವು ಕಡಿಮೆಯಿದ್ದರೆ ಟೆಡ್ ಡೆಕ್ಕರ್ ಅವರ ‘ಥ್ರೀ’ (2003) ಹಿಡಿಯಿರಿ. ಸೆಮಿನರಿ (ಪಾದ್ರಿಯಾಗಲು ಓದುವ ಶಾಲೆ) ವಿದ್ಯಾರ್ಥಿ ಕೆವಿನ್ ಕಾರಿನಲ್ಲಿದ್ದಾಗ ಫೋನ್ ಬರುತ್ತದೆ: ಮೂರು ನಿಮಿಷದಲ್ಲಿ ಪಾಪ ಒಪ್ಪಿಕೋ, ಇಲ್ಲದಿದ್ದರೆ ಕಾರು ಸಿಡಿಯುತ್ತದೆ. ಒಂದೇ ಪುಸ್ತಕಕ್ಕೆ ಕಥೆ ಮುಗಿಯುತ್ತದೆ.

‘ಲೆಫ್ಟ್ ಬಿಹೈಂಡ್’ (1995) ಹಾಗಲ್ಲ, ಒಟ್ಟು 16 ಪುಸ್ತಕ! ವಿಮಾನದಲ್ಲಿದ್ದವರು ಬಟ್ಟೆ ಸೀಟಿನಲ್ಲೇ ಬಿಟ್ಟು ಮಾಯವಾಗುವ ಆರಂಭ ಮಾತ್ರ ಜೋರು. ಧಾರಾವಾಹಿ ಬಿಡದೆ ನೋಡುವವರಿಗೆ ಸರಿ.

ಉಪದೇಶ ಜಾಸ್ತಿಯಾದರೆ ಬೇಜಾರಾ? ಆಗಲೂ ಡೆಕ್ಕರ್ ವಾಸಿ. ದೇವದೂತರು, ದೆವ್ವಗಳು ನೇರವಾಗಿ ಕತ್ತಿ ಹಿರಿಯಬೇಕು ಅಂದ್ರೆ ಫ್ರಾಂಕ್ ಪೆರೆಟ್ಟಿ ಅವರ ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’ (1986). ಅಲ್ಲಿ ಜನ ಪ್ರಾರ್ಥಿಸಿದಷ್ಟೂ ದೂತರಿಗೆ ಬಲ. ಪಾತ್ರಗಳು ಜಾಸ್ತಿ, ಶುರುವಿನಲ್ಲಿ ತಾಳ್ಮೆ ಬೇಕು. ದೆವ್ವದ ಕಥೆಗೆ ಹೆದರುವವರು ಹಗಲಲ್ಲೇ ಓದಿ.